ಮುಡಿಪಿಗೆ ಹೋದ ಮೇಷ್ಟ್ರ ನಾಣ್ಯ

ಕೊಪ್ಪದ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಹೊಲಿಗೆ ಅಂಗಡಿ ಇದೆ. ರವಿಕೆ ಹೊಲಿಯುವುದು, ಸೀರೆಗೆ ಫಾಲ್ ಹಚ್ಚುವುದು, ಬಿಗಿಯಾದ ಚೂಡಿದಾರಗಳನ್ನು ಬಿಚ್ಚಿ ಸಡಿಲ ಮಾಡಿಕೊಡುವುದು ನನ್ನ ಕಸುಬು. ಪರದೇಶದ ನಾಣ್ಯ ಕೂಡಿಡುವುದು ನನ್ನ ಹುಚ್ಚು. ಗಂಡಸು ನಾಣ್ಯ ಕೂಡಿಟ್ಟರೆ ಅದಕ್ಕೆ ಹವ್ಯಾಸ ಎನ್ನುತ್ತಾರೆ, ಹೆಂಗಸು ಕೂಡಿಟ್ಟರೆ ಇವಳಿಗೆ ಬೇರೆ ಕೆಲಸ ಇಲ್ಲ ಎನ್ನುತ್ತಾರೆ. ನಮ್ಮತ್ತೆಯಂತೂ ಮೊದಲ ದಿನದಿಂದ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದೇ ನನ್ನ ಆಲ್ಬಮ್ಮನ್ನು ಕರೆದದ್ದು. ಈ ಮನೆಯ ಹಿಟ್ಟಿನಲ್ಲಿ ಅರ್ಧ ನನ್ನ ಮಿಷನ್ನಿನಿಂದ ಬರುತ್ತದೆ ಎಂಬುದು ಅವರಿಗೆ ಗಾದೆ ಹೇಳುವಾಗ ನೆನಪಿರುತ್ತಿರಲಿಲ್ಲ.

ಶುರುವಾದದ್ದು ಒಂದು ಹಳೇ ಪರ್ಸಿನಿಂದ. ಐರ್ಲೆಂಡಿನಲ್ಲಿ ನರ್ಸ್ ಆಗಿದ್ದ ಹುಡುಗಿಯೊಬ್ಬಳು ಮದುವೆಯ ರವಿಕೆ ಅಳತೆ ಕೊಡಲು ಬಂದವಳು ಅಡ್ವಾನ್ಸ್ ಎಂದು ಪರ್ಸು ಕೊಡವಿದಾಗ ನಮ್ಮ ರೂಪಾಯಿಗಳ ಜೊತೆ ಒಂದು ತಂತಿವಾದ್ಯದ ಚಿತ್ರವಿದ್ದ ನಾಣ್ಯವೂ ಬಿತ್ತು. ಇಟ್ಕೊಳ್ಳಿ ಆಂಟಿ, ಇಲ್ಲಿ ಅದು ಓಡುವುದಿಲ್ಲ ಎಂದಳು. ನಾನು ಅದನ್ನು ಬಟ್ಟೆ ಕತ್ತರಿಸುವ ಮೇಜಿನ ಗಾಜಿನ ಕೆಳಗೆ ಇಟ್ಟೆ. ಆಮೇಲೆ ಗಲ್ಫಿನಿಂದ ರಜೆಗೆ ಬಂದವರ ಹೆಂಡತಿಯರು ಅದನ್ನು ನೋಡಿ ತಮ್ಮಲ್ಲಿದ್ದ ಚಿಲ್ಲರೆ ತಂದು ಕೊಡತೊಡಗಿದರು. ಒಂದೇ ವರ್ಷದಲ್ಲಿ ಗಾಜಿನ ಕೆಳಗೆ ಜಾಗ ಸಾಲದಾಯಿತು.

ಆ ಗಾಜು ನೋಡಿಯೇ ಮೇಷ್ಟ್ರು ನನಗೆ ಪರಿಚಯವಾದದ್ದು. ನರಸಿಂಹರಾಜಪುರದವರು, ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ಹೆಂಡತಿಯ ರವಿಕೆ ಕೊಡಲು ಬಂದು, ರವಿಕೆಯ ಮಾತು ಮರೆತು, ಮೇಜಿನ ಮೇಲೆ ಬಗ್ಗಿ ಅರ್ಧ ಗಂಟೆ ನಿಂತಿದ್ದರು. ಅವರ ಹತ್ತಿರ ಆಗಲೇ ನಲವತ್ತು ದೇಶದ ನಾಣ್ಯಗಳಿದ್ದವು. ನಾಣ್ಯದ ಮೇಲೆ ತೆಳ್ಳನೆಯ ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆಯುವುದನ್ನು ಅವತ್ತೇ ಕಲಿಸಿದರು. ಇನ್ನೊಂದನ್ನೂ ಕಲಿಸಿದರು: ನಾಣ್ಯ ತೊಳೆಯಬಾರದು. ಅದರ ಮೇಲಿನ ಕಪ್ಪು ಕೊಳೆಯಲ್ಲ, ವಯಸ್ಸು. ಉಜ್ಜಿ ಹೊಳಪು ಬರಿಸಿದರೆ ನಾಣ್ಯ ಸತ್ತ ಹಾಗೆ ಎಂದರು. ನಾನು ಅಷ್ಟರಲ್ಲಿ ಹತ್ತು ಹನ್ನೆರಡನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಕೂತಿದ್ದೆ. ಅವರು ಬೈಯಲಿಲ್ಲ, ನಕ್ಕರು. ನನ್ನನ್ನು ಅಂದಿನಿಂದಲೇ ತಂಗಿ ಎಂದು ಕರೆದರು.

ಮೂರನೆಯವರು ಶೃಂಗೇರಿಯ ಭಟ್ಟರು. ಪೂಜೆ, ಹೋಮ, ಶ್ರಾದ್ಧ ಮಾಡಿಸುವವರು. ಅಮೆರಿಕ, ಸಿಂಗಪುರದಿಂದ ಬಂದವರು ಜೇಬಿನಲ್ಲಿ ಉಳಿದ ಚಿಲ್ಲರೆಯನ್ನು ಪುಣ್ಯ ಎಂದುಕೊಂಡು ಅವರ ದಕ್ಷಿಣೆ ತಟ್ಟೆಗೆ ಹಾಕಿ ಹೋಗುತ್ತಾರೆ. ಬ್ಯಾಂಕಿನವರು ನೋಟಾದರೆ ತೆಗೆದುಕೊಂಡಾರು, ಚಿಲ್ಲರೆ ಮುಟ್ಟುವುದಿಲ್ಲ. ಮಾರಾಯ್ರೆ, ಇಡೀ ಪ್ರಪಂಚ ನನಗೆ ಟೋಪಿ ಹಾಕ್ತಾ ಇದೆ ಎಂದು ಭಟ್ಟರು ಮೇಷ್ಟ್ರ ಮುಂದೆ ಒಂದು ಮದುವೆ ಮನೆಯಲ್ಲಿ ಗೋಳು ತೋಡಿಕೊಂಡಿದ್ದರಂತೆ. ಮೇಷ್ಟ್ರು ಆ ಟೋಪಿಯನ್ನೇ ಹವ್ಯಾಸ ಮಾಡಿಕೊಟ್ಟರು.

ಮೂವರೂ ಸೇರುವುದು ಕಷ್ಟ. ನಾನು ಅಂಗಡಿ ಬಿಡುವ ಹಾಗಿಲ್ಲ, ಭಟ್ಟರಿಗೆ ಮುಹೂರ್ತ ತಪ್ಪುವ ಹಾಗಿಲ್ಲ. ಅದಕ್ಕೆ ಡಬ್ಬಿ ಹುಟ್ಟಿತು. ಪೆಪ್ಪರಮೆಂಟಿನ ಹಳೇ ತಗಡಿನ ಡಬ್ಬಿ. ಒಳಗೆ ಹತ್ತಿ, ಹತ್ತಿಯ ಮೇಲೆ ನಾನು ಲೈನಿಂಗ್ ಬಟ್ಟೆಯ ಚೂರಿನಲ್ಲಿ ಹೊಲಿದ ಪುಟ್ಟ ಪುಟ್ಟ ಚೀಲಗಳು. ಹೊಸದಾಗಿ ಬಂದದ್ದನ್ನು ಚೀಲಕ್ಕೆ ಹಾಕಿ, ಜೊತೆಗೆ ಪೆನ್ಸಿಲ್ ಅಚ್ಚು ಮತ್ತು ಎಲ್ಲಿಂದ ಬಂತು ಎಂಬ ನಾಲ್ಕು ಸಾಲು ಇಟ್ಟು, ಬಸ್ಸಿನಲ್ಲಿ ಕಳಿಸುವುದು. ನಮ್ಮ ಕಡೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಔಷಧಿ, ಮಲ್ಲಿಗೆ, ಜಾತಕ, ಎಲ್ಲವೂ ಊರಿಂದೂರಿಗೆ ಹೋಗುತ್ತದೆ, ಡಬ್ಬಿಯೂ ಹೋಯಿತು. ಶೃಂಗೇರಿಯಿಂದ ಹರಿಹರಪುರದ ಮೇಲೆ ಕೊಪ್ಪಕ್ಕೆ, ಕೊಪ್ಪದಿಂದ ನರಸಿಂಹರಾಜಪುರಕ್ಕೆ, ಮತ್ತೆ ವಾಪಸ್ಸು. ಬಂದದ್ದನ್ನು ಎಂಟು ದಿನದೊಳಗೆ ಮುಂದಕ್ಕೆ ಕಳಿಸಬೇಕು. ಅದೊಂದೇ ನಿಯಮ. ಹನ್ನೊಂದು ವರ್ಷ ಆ ಡಬ್ಬಿ ತಿರುಗಿತು, ಒಂದು ನಾಣ್ಯವೂ ಕಾಣೆಯಾಗಲಿಲ್ಲ.

ಈಗ ವಾಟ್ಸಾಪ್ ಗುಂಪು ಇದೆ. ಜಿಲ್ಲೆಯ ನಾಣ್ಯದವರೆಲ್ಲ ಅದರಲ್ಲಿದ್ದಾರೆ, ನಾವು ಮೂವರೂ ಸೇರಿದೆವು. ಬೆಳಗಾಗುತ್ತಲೇ ಒಬ್ಬರಲ್ಲ ಒಬ್ಬರು ಹೊಸ ಸೇರ್ಪಡೆ ಎಂದು ಫೋಟೋ ಹಾಕುತ್ತಾರೆ. ಆನ್‌ಲೈನಿನಲ್ಲಿ ಕಾಸು ಕೊಟ್ಟು ತರಿಸಿದ್ದು. ಉಳಿದವರು ಹೆಬ್ಬೆಟ್ಟು ಒತ್ತುತ್ತಾರೆ. ಆ ನಾಣ್ಯ ಎಷ್ಟು ಭಾರ, ಅಂಚು ನುಣುಪೋ ಗರಗಸವೋ, ಯಾರ ಜೇಬಿನಲ್ಲಿ ಎಷ್ಟು ದೂರ ಬಂತು, ಯಾರಿಗೂ ಬೇಡ. ಆದರೂ ನಾನು ದಿನಾ ನೋಡುತ್ತೇನೆ. ಚಟ ಬಿಡುವುದಿಲ್ಲ.

ಮೇಷ್ಟ್ರ ಹತ್ತಿರ ಒಂದು ನಾಣ್ಯವಿತ್ತು, ಅದು ಡಬ್ಬಿಗೆ ಯಾವತ್ತೂ ಬಂದಿರಲಿಲ್ಲ. ಅವರ ತಂದೆ ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನ್ಯದ ಲಾರಿ ಓಡಿಸಲು ಹೋಗಿ, ಪ್ಯಾಲೆಸ್ಟೈನಿನಿಂದ ಮಲೇರಿಯ ಮತ್ತು ಆ ಒಂದು ನಾಣ್ಯ, ಎರಡನ್ನೇ ಹೊತ್ತು ತಂದಿದ್ದರಂತೆ. ಕಂಚಿನದು, ನಡುವೆ ತೂತು, ತೂತಿನ ಸುತ್ತ ಮೂರು ಲಿಪಿ: ಇಂಗ್ಲಿಷು, ಅರಬ್ಬಿ, ಹೀಬ್ರೂ. ಅವರ ತಂದೆ ಲಾಟೀನಿನ ಸ್ಕ್ರೂ ತಿರುಗಿಸಲು ಅದನ್ನೇ ಬಳಸುತ್ತಿದ್ದರಿಂದ ಅಂಚಿನ ಒಂದು ಕಡೆ ಸವೆದು ಚಪ್ಪಟೆಯಾಗಿತ್ತು. ಮೇಷ್ಟ್ರು ಅದನ್ನು ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡೇ ತಿರುಗುತ್ತಿದ್ದರು. ನನಗೆ ಎರಡು ಸಲ ತೋರಿಸಿದ್ದರು. ಭಟ್ಟರಿಗೆ ಬಾಯಲ್ಲಿ ವರ್ಣಿಸಿದ್ದರು, ಕೈಯಲ್ಲಿ ಕೊಟ್ಟಿರಲಿಲ್ಲ.

ಕೇಳಿದವಳು ನಾನೇ. ನನ್ನ ಗಿರಾಕಿಯೊಬ್ಬಳ ಗಂಡ ಗಲ್ಫಿನಿಂದ ಬಂದಿದ್ದ, ಅರಬ್ಬಿ ಚೆನ್ನಾಗಿ ಓದುತ್ತಿದ್ದ. ಮೇಷ್ಟ್ರಿಗೆ ಆ ಅರಬ್ಬಿ ಅಕ್ಷರ ಏನು ಹೇಳುತ್ತದೆ ಎಂದು ತಿಳಿಯುವ ಆಸೆ ಬಹಳ ದಿನದ್ದು. ಫೋಟೋ ಸಾಲದು, ಸವೆದಿದೆ, ನಾಣ್ಯವನ್ನೇ ಬೆಳಕಿಗೆ ಹಿಡಿದು ಓದಬೇಕು ಎಂದ ಅವನು. ಮೇಷ್ಟ್ರು ಬಸ್ಸಿಗೆ ಕೊಡಲಿಲ್ಲ. ತಾವೇ ತಂದು, ಡಬ್ಬಿಯ ಚೀಲದೊಳಗೆ ತಾವೇ ಇಟ್ಟು, ಎಂಟೇ ದಿನ ತಂಗಿ ಎಂದು ಹೋದರು. ಮೂರನೇ ದಿನ ಅವನು ಬಂದು ಓದಿದ. ವಿಶೇಷ ಏನಿಲ್ಲ, ಒಂದು ಬದಿಗೆ ದೇಶದ ಹೆಸರು, ಇನ್ನೊಂದು ಬದಿಗೆ ಹತ್ತು ಮಿಲ್ ಎಂಬ ಬೆಲೆ. ಅದನ್ನೇ ಅರಬ್ಬಿಯಲ್ಲೂ ಕನ್ನಡದಲ್ಲೂ ಚೀಟಿಯ ಮೇಲೆ ಬರೆಸಿಕೊಂಡೆ. ಡಬ್ಬಿಯನ್ನು ಮನೆಯ ಮಿಷನ್ನಿನ ಡ್ರಾಯರಿಗೆ ಹಾಕಿದೆ. ಅಂಗಡಿಗಿಂತ ಮನೆ ಭದ್ರ ಎಂದುಕೊಂಡೆ, ನನ್ನ ಬುದ್ಧಿಗಿಷ್ಟು.

ಮಾರನೇ ದಿನ ನನ್ನ ಗಂಡ ಜ್ವರ ಬಂದು ಮಲಗಿದರು. ಅವರು ಪಂಪ್‌ಸೆಟ್ ರಿಪೇರಿ ಮಾಡುವವರು. ಕಾಡಂಚಿನ ಹಳ್ಳದ ಬದಿಯಲ್ಲಿ ಬಗ್ಗಿ ಕೂತು ಮಾಡುವ ಕೆಲಸ. ಆ ವರ್ಷ ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು, ಉಣುಗು ಕಚ್ಚಿಸಿಕೊಳ್ಳಬೇಡಿ ಎಂದು ಆರೋಗ್ಯ ಇಲಾಖೆಯವರು ಮೈಗೆ ಹಚ್ಚುವ ಎಣ್ಣೆ ಹಂಚಿದ್ದರು. ಎಣ್ಣೆ ಬಾಟಲಿ ನಮ್ಮ ಮನೆಯ ಕಿಟಕಿಯಲ್ಲಿ ಸೀಲು ಒಡೆಯದೆ ಕೂತಿತ್ತು. ಮಂಗನ ಕಾಯಿಲೆ ಎಂದು ರಕ್ತ ಪರೀಕ್ಷೆಯಲ್ಲಿ ಬಂತು. ವಸಡಿನಲ್ಲಿ ರಕ್ತ ಕಂಡ ದಿನ ಆಂಬುಲೆನ್ಸಿನಲ್ಲಿ ಮಣಿಪಾಲಕ್ಕೆ ಕರೆದುಕೊಂಡು ಹೋದೆ. ಹದಿನೇಳು ದಿನ ಅಲ್ಲಿದ್ದೆವು. ಒಂದೆರಡು ದಿನ ಅವರು ನನ್ನನ್ನು ಗುರುತಿಸಲಿಲ್ಲ. ಆ ದಿನಗಳಲ್ಲಿ ನನಗೆ ನಾಣ್ಯವೂ ನೆನಪಿಲ್ಲ, ಮೇಷ್ಟ್ರೂ ನೆನಪಿಲ್ಲ. ಮೇಷ್ಟ್ರು ಮಾತ್ರ ಎರಡು ದಿನಕ್ಕೊಮ್ಮೆ ಫೋನ್ ಮಾಡಿ, ಡಬ್ಬಿಯ ಮಾತೇ ಎತ್ತದೆ, ಪ್ಲೇಟ್ಲೆಟ್ ಎಷ್ಟಾಯಿತು ಎಂದು ಕೇಳುತ್ತಿದ್ದರು.

ಜ್ವರ ಬಿಟ್ಟು ಮನೆಗೆ ಬಂದೆವು. ಡಾಕ್ಟರು ಹೊರಡುವಾಗ ಒಂದು ಮಾತು ಹೇಳಿದ್ದರು: ಈ ಜ್ವರ ಬಿಟ್ಟ ಹಾಗೆ ಮಾಡಿ ವಾರ ಎರಡು ವಾರ ಕಳೆದು ಕೆಲವರಿಗೆ ತಿರುಗಿ ಬರುತ್ತದೆ, ಹಾಗೆ ಬಂದದ್ದು ಮಿದುಳಿಗೆ ಹತ್ತಬಹುದು, ನಿಗಾ ಇಡಿ ಎಂದು. ನಾನು ಆ ಮಾತನ್ನು ನುಂಗಿಕೊಂಡು ಬಂದಿದ್ದೆ.

ಮನೆಗೆ ಬಂದ ಮಾರನೇ ದಿನ ಡ್ರಾಯರ್ ತೆರೆದೆ. ಡಬ್ಬಿ ಇತ್ತು, ಚೀಟಿ ಇತ್ತು, ಚೀಲ ಖಾಲಿ. ಅತ್ತೆಯನ್ನು ಕೇಳಿದೆ. ಅವರು ಅಕ್ಕಿ ಆರಿಸುತ್ತಿದ್ದವರು ತಲೆ ಎತ್ತದೆ ದೇವರ ಗೂಡಿನ ಕಡೆ ಗಲ್ಲ ತಿರುಗಿಸಿದರು. ಅಲ್ಲಿ ಮೊಳೆಗೆ ಅರಿಶಿನದ ಬಟ್ಟೆಯ ಸಣ್ಣ ಗಂಟೊಂದು ನೇತಾಡುತ್ತಿತ್ತು.

"ನಿನ್ನ ಡಬ್ಬಿಲಿ ತೂತಿನ ಕಾಸು ಇತ್ತಲ್ಲ, ಅದನ್ನೇ ಮುಡಿಪು ಕಟ್ಟಿದೆ. ಈಗಿನ ರೂಪಾಯಿ ಎಲ್ಲ ಕಬ್ಬಿಣ, ದೇವರಿಗೆ ಆಗ್ತದನಾ? ಅದು ಕಟ್ಟಿದ ಮಾರನೇ ದಿನವೇ ನಿನ್ನ ಗಂಡ ಕಣ್ಣು ಬಿಟ್ಟಿದ್ದು."

ನಮ್ಮ ಮನೆಯಲ್ಲಿ ಜೀವಕ್ಕೆ ಬಂದಾಗ ಮುಡಿಪು ಕಟ್ಟುವುದು ಹಿಂದಿನಿಂದ ಬಂದ ಪದ್ಧತಿ. ಒಂದು ತಾಮ್ರದ ಕಾಸನ್ನು ಅರಿಶಿನದ ಬಟ್ಟೆಯಲ್ಲಿ ಗಂಟು ಹಾಕಿ, ಇವನನ್ನು ಉಳಿಸಿಕೊಡು, ಇದನ್ನು ನಿನಗೆ ತಂದು ಒಪ್ಪಿಸುತ್ತೇನೆ ಎಂದು ಹೇಳಿಕೊಳ್ಳುವುದು. ಕಟ್ಟಿದ ಮೇಲೆ ಅದು ದೇವರ ಸೊತ್ತು. ಬಿಚ್ಚುವ ಹಾಗಿಲ್ಲ, ಬದಲಿಸುವ ಹಾಗಿಲ್ಲ. ಅತ್ತೆಯ ಕಣ್ಣಿಗೆ ಪೊರೆ. ತೂತು ಕಂಡಿತು, ತಾಮ್ರದ ಬಣ್ಣ ಕಂಡಿತು, ಬ್ರಿಟಿಷರ ಕಾಲದ ನಮ್ಮದೇ ತೂತಿನ ಕಾಸು ಎಂದುಕೊಂಡರು. ಹೊಟ್ಟೆ ಉರಿಯುವುದೇನೆಂದರೆ, ಅಂಥ ತೂತಿನ ಕಾಸು ನನ್ನ ಆಲ್ಬಮ್ಮಿನಲ್ಲಿ ಒಂಬತ್ತಿದ್ದವು. ಅವುಗಳಲ್ಲಿ ಯಾವುದನ್ನು ಕಟ್ಟಿದ್ದರೂ ನಾನು ಕೈಮುಗಿಯುತ್ತಿದ್ದೆ. ಆಲ್ಬಮ್ಮಿಗೆ ಬೀಗ ಹಾಕಿದ್ದೆ. ಕಳ್ಳರ ಭಯಕ್ಕೆ ನನ್ನದಕ್ಕೆ ಬೀಗ, ನಂಬಿ ಕೊಟ್ಟವರದಕ್ಕೆ ಬರೀ ಡ್ರಾಯರು.

ಅತ್ತೆ ಮಧ್ಯಾಹ್ನ ಮಲಗಿದಾಗ ನಾನು ಗಂಟನ್ನು ಮೊಳೆಯಿಂದ ಇಳಿಸಿದೆ. ಬಿಚ್ಚಿ ಹೊಲಿಯುವುದೇ ನನ್ನ ಕಸುಬು. ಅತ್ತೆ ಗಂಟಿನ ಬಾಯಿಗೆ ನಾಲ್ಕು ಹೊಲಿಗೆ ಹಾಕಿದ್ದರು, ಅದನ್ನು ಬಿಚ್ಚಿ, ನನ್ನ ತೂತಿನ ಕಾಸು ಒಳಗಿಟ್ಟು, ಅದೇ ತೂತುಗಳಲ್ಲಿ ಮತ್ತೆ ದಾರ ಹಾಯಿಸಿದರೆ ಬ್ರಹ್ಮನಿಗೂ ತಿಳಿಯುತ್ತಿರಲಿಲ್ಲ. ಕೈಯಲ್ಲಿ ಹೊಲಿಗೆ ಬಿಚ್ಚುವ ಕಡ್ಡಿ ಹಿಡಿದೇ ನಿಂತಿದ್ದೆ. ಒಳಕೋಣೆಯಲ್ಲಿ ಗಂಡ ಕೆಮ್ಮಿದರು. ಹೋಗಿ ಹಣೆ ಮುಟ್ಟಿದೆ. ಬೆಚ್ಚಗಿತ್ತೋ, ನನ್ನ ಕೈಯೇ ತಣ್ಣಗಿತ್ತೋ ಗೊತ್ತಾಗಲಿಲ್ಲ. ದೇವರು ದಿಂಡಿರು ಎಂದು ಅತ್ತೆಯನ್ನು ಇಪ್ಪತ್ತು ವರ್ಷ ಗೇಲಿ ಮಾಡಿದವಳು ನಾನು. ಗಂಟನ್ನು ಹಾಗೆಯೇ ಮೊಳೆಗೆ ಸಿಕ್ಕಿಸಿ ಬಂದೆ. ಹೆದರಿದೆ, ಅಷ್ಟೇ.

ಅದಕ್ಕೆ ನನ್ನನ್ನು ನಾನು ಬೈದುಕೊಳ್ಳುವುದಿಲ್ಲ. ಬೈದುಕೊಳ್ಳುವುದು ಆಮೇಲಿನದಕ್ಕೆ.

ಮೇಷ್ಟ್ರಿಗೆ ಫೋನ್ ಮಾಡಿದೆ. ನಿಜ ಹೇಳುವುದಕ್ಕೇ ಮಾಡಿದ್ದು. ಅವರು ಎತ್ತಿದ ಕೂಡಲೇ ಮನೆಗೆ ಬಂದಿರಾ, ಸದ್ಯ, ದೇವರು ದೊಡ್ಡವನು ಎಂದರು. ನಿಜ ಹೇಳಿದರೆ ಅವರು ಎರಡರಲ್ಲಿ ಒಂದು ಹೇಳಬೇಕು. ಬಿಚ್ಚಿ ಕೊಡು ಎನ್ನಬೇಕು, ಆಗ ನಾನು ಬಿಚ್ಚಲಾರೆ. ಇಲ್ಲವೇ ಇರಲಿ ಬಿಡು ಎನ್ನಬೇಕು, ಆಗ ಅವರಪ್ಪನ ನಾಣ್ಯವನ್ನು ಅವರ ಬಾಯಿಂದಲೇ ಕಿತ್ತುಕೊಂಡ ಹಾಗೆ. ಮೂರನೆಯದೊಂದು ಇತ್ತು, ಅದು ನನಗೆ ಸುಲಭವಾಗಿ ಬಂತು. ಆಸ್ಪತ್ರೆಗೆ ಹೊರಡುವ ಗಡಿಬಿಡಿಯಲ್ಲಿ ಡಬ್ಬಿ ಅಂಗಡಿಯಲ್ಲೇ ಬಿಟ್ಟಿದ್ದೆ, ಬಿದ್ದು ಚೆಲ್ಲಿದೆ, ನಿಮ್ಮದೊಂದು ಕಾಣುತ್ತಿಲ್ಲ ಎಂದುಬಿಟ್ಟೆ.

ಗಾಬರಿ ಆಗಬೇಡ ತಂಗಿ, ನಾಣ್ಯಕ್ಕೆ ಕಾಲಿಲ್ಲ ಎಂದರು ಮೇಷ್ಟ್ರು.

ಮಾರನೇ ದಿನ ಮೊದಲ ಬಸ್ಸಿಗೆ ಬಂದರು. ಎಪ್ಪತ್ತು ದಾಟಿದ ಮನುಷ್ಯ. ಪಂಚೆ ಎತ್ತಿ ಕಟ್ಟಿ, ಅಂಗಡಿಯ ಸಿಮೆಂಟ್ ನೆಲದ ಮೇಲೆ ಮಂಡಿಯೂರಿ, ಮಿಷನ್ನಿನ ಕೆಳಗೆ, ಕಪಾಟಿನ ಸಂದಿಯಲ್ಲಿ ಹುಡುಕಿದರು. ಮೂಲೆಯಲ್ಲಿ ಬಟ್ಟೆ ಚೂರು ತುಂಬಿದ ನಾಲ್ಕು ಗೋಣಿಚೀಲಗಳಿದ್ದವು. ಅವನ್ನು ಒಂದೊಂದಾಗಿ ನೆಲಕ್ಕೆ ಸುರಿದು, ಒಂದೊಂದು ಚೂರನ್ನೂ ಕೊಡವಿ ಬದಿಗಿಟ್ಟರು. ಕಪಾಟಿನ ಹಿಂದೆ ಕತ್ತಲು, ಕಾಣುವುದಿಲ್ಲ ಎಂದು ತಾವೇ ತಂದಿದ್ದ ಟಾರ್ಚನ್ನು ನನ್ನ ಕೈಗೆ ಕೊಟ್ಟರು. ನಾನು ಹಿಡಿದೆ. ಅವರು ತೋರಿಸಿದ ಕಡೆಗೆಲ್ಲ ಬೆಳಕು ಬಿಟ್ಟೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎಂಬ ಗಾದೆಯಲ್ಲಿ ಹುಡುಕುವವಳಿಗೆ ಪಾಪ ಗೊತ್ತಿರುವುದಿಲ್ಲ. ನನಗೆ ಗೊತ್ತಿತ್ತು. ನಾಣ್ಯ ಇದ್ದದ್ದು ಅರ್ಧ ಮೈಲಿ ಆಚೆ, ನಮ್ಮ ಮನೆಯ ಮೊಳೆಯಲ್ಲಿ.

ಸಿಕ್ಕಿದ್ದು ಏಳೆಂಟು ಗುಂಡಿ, ಹುಕ್ಕು, ಒಂದು ಕಾಲುಂಗುರ. ಮಧ್ಯಾಹ್ನ ಹೊರಡುವಾಗ ನಾನು ಅರಬ್ಬಿ ಓದಿಸಿದ ಚೀಟಿ ಕೊಟ್ಟೆ. ಅವರು ಅದನ್ನು ಎರಡು ಸಲ ಓದಿ, ಮಡಿಸಿ, ನಾಣ್ಯ ಇರುತ್ತಿದ್ದ ಒಳಜೇಬಿಗೆ ಹಾಕಿಕೊಂಡರು. ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ, ನಿನಗೆ ಈಗ ಗಂಡನ ಯೋಚನೆ ಸಾಕು ಎಂದರು.

ಮುಂದಿನ ವಾರ ಮತ್ತೆ ಬಂದರು. ಅದರ ಮುಂದಿನ ವಾರವೂ. ಮೂರನೇ ಸಲ ಅಂಗಡಿಯ ಮುಂದಿನ ಚರಂಡಿಯ ಕಲ್ಲು ಎತ್ತಿಸಿ ಕೋಲು ಹಾಕಿ ಕೆದಕಿದರು. ಪಕ್ಕದ ಅಂಗಡಿಯವರು ಏನು ಮೇಷ್ಟ್ರೇ ಎಂದು ಕೇಳಿದಾಗ ಏನಿಲ್ಲ, ನನ್ನ ಕನ್ನಡಕದ ಸ್ಕ್ರೂ ಬಿದ್ದಿದೆ ಎಂದರು. ನನ್ನ ಅಂಗಡಿಯಲ್ಲಿ ವಸ್ತು ಕಳೆದುಹೋಯಿತು ಎಂದು ಯಾರೂ ಆಡಿಕೊಳ್ಳಬಾರದು ಎಂದು. ಭಟ್ಟರಿಗೂ ಅವರು ಹೇಳಿರಲಿಲ್ಲ. ನನ್ನ ಮಾನ ಕಾಯಲು ಅವರು ಸುಳ್ಳು ಹೇಳುತ್ತಿದ್ದರು, ನಾನು ಅವರಿಗೇ ಸುಳ್ಳು ಹೇಳುತ್ತಿದ್ದೆ. ಪ್ರತಿ ಸಲವೂ ಇವತ್ತು ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ಆದರೆ ಮೊದಲ ದಿನ ಹೇಳದ್ದನ್ನು ಮೂರನೇ ವಾರ ಹೇಳಬೇಕಾದರೆ ನಡುವಿನ ಹುಡುಕಾಟವನ್ನೂ ಸೇರಿಸಿ ಹೇಳಬೇಕು. ನಿಜ ಬಿಸಿ ತುಪ್ಪವಾಗಿ ಬಾಯಲ್ಲೇ ಉಳಿಯಿತು.

ಗಂಡನ ಜ್ವರ ಮರುಕಳಿಸಲಿಲ್ಲ. ತಿಂಗಳಾದ ಮೇಲೆ ಅತ್ತೆ, ಗಂಡ, ನಾನು ಕಮ್ಮರಡಿ ಕಡೆಯ ಹಳ್ಳಿಯಲ್ಲಿರುವ ಮನೆದೇವರಿಗೆ ಹೋಗಿ ಮುಡಿಪು ಒಪ್ಪಿಸಿದೆವು. ಪದ್ಧತಿಯಂತೆ ಗಂಟನ್ನು ಹುಂಡಿಗೆ ಹಾಕಿದ್ದು ಗಂಡನೇ. ಟಪ್ ಎಂದಿತು. ಅತ್ತೆ ಕೆನ್ನೆ ಬಡಿದುಕೊಂಡರು. ನಾನೂ ಬಡಿದುಕೊಂಡೆ.

ಆರು ತಿಂಗಳು ಕಳೆಯಿತು. ಮೇಷ್ಟ್ರು ಹುಡುಕುವುದನ್ನು ಬಿಟ್ಟರು, ಡಬ್ಬಿ ಮತ್ತೆ ತಿರುಗತೊಡಗಿತು. ನನಗೂ ಮರೆಯುವುದು ಅಭ್ಯಾಸವಾಗುತ್ತಿತ್ತು. ಆಗ ಒಂದು ಬೆಳಿಗ್ಗೆ ಗುಂಪಿನಲ್ಲಿ ಭಟ್ಟರು ಫೋಟೋ ಹಾಕಿದರು. ಹೊಸ ಸೇರ್ಪಡೆ! ನಮ್ಮ ಮೇಷ್ಟ್ರ ಪ್ಯಾಲೆಸ್ಟೈನ್ ನಾಣ್ಯಕ್ಕೆ ಕೊನೆಗೂ ಜೋಡಿ ಸಿಕ್ಕಿತು ಎಂದು ಬರೆದಿದ್ದರು. ಕೆಳಗೆ ಎಲ್ಲಿಂದ ಬಂತು ಎಂಬ ನಾಲ್ಕು ಸಾಲು, ಡಬ್ಬಿಯ ನಿಯಮದಂತೆ. ಕಮ್ಮರಡಿ ಕಡೆಯ ದೇವಸ್ಥಾನದ ಅರ್ಚಕರು ಅವರ ಭಾವನಂತೆ. ಹುಂಡಿ ತೆಗೆದಾಗ ಓಡದ ಕಾಸು ಬಂದರೆ ತೆಗೆದಿಟ್ಟು, ಅದರ ಬದಲು ಭಟ್ಟರಿಂದ ನೂರರ ನೋಟು ಹುಂಡಿಗೆ ಹಾಕಿಸಿ ಕೊಡುವುದು ರೂಢಿಯಂತೆ. ಎಣ್ಣೆ, ಅರಿಶಿನ ಮೆತ್ತಿಕೊಂಡು ಗುರುತೇ ಸಿಗುತ್ತಿರಲಿಲ್ಲ, ನಿಯಮ ಮುರಿದು ಹುಣಸೆಹಣ್ಣು ಹಾಕಿ ತಿಕ್ಕಿದೆ, ಮೇಷ್ಟ್ರು ಕ್ಷಮಿಸಬೇಕು ಎಂದೂ ಬರೆದಿದ್ದರು. ನಾಣ್ಯ ಹೊಸ ಚೊಂಬಿನ ಹಾಗೆ ಹೊಳೆಯುತ್ತಿತ್ತು. ಅಂಚಿನಲ್ಲಿ ಸವೆದ ಚಪ್ಪಟೆ ಜಾಗ ನನಗೆ ಕಂಡಿತು. ನನಗೆ ಕಂಡದ್ದು ಮೇಷ್ಟ್ರಿಗೆ ಕಾಣದೆ ಇರುತ್ತದೆಯೇ? ಮಧ್ಯಾಹ್ನದೊಳಗೆ ಐವತ್ತು ಹೆಬ್ಬೆಟ್ಟು ಬಿದ್ದವು. ಅವರದ್ದು ಇರಲಿಲ್ಲ.

ಎರಡು ದಿನ ಬಿಟ್ಟು ಅಂಗಡಿಗೆ ಬಂದರು. ಒಬ್ಬಳು ಅಳತೆ ಕೊಡುತ್ತಿದ್ದಳು, ಅವಳು ಹೋಗುವವರೆಗೂ ಬೆಂಚಿನ ಮೇಲೆ ಕೂತಿದ್ದರು. ಆಮೇಲೆ ಫೋನ್ ತೆಗೆದು, ಫೋಟೋ ದೊಡ್ಡದು ಮಾಡಿ, ನನ್ನ ಮೇಜಿನ ಮೇಲಿಟ್ಟರು. ನಿಮ್ಮ ಮನೆದೇವರ ಹುಂಡಿ ಅಲ್ಲವಾ ಎಂದಷ್ಟೇ ಕೇಳಿದರು.

ನಾನು ಎಲ್ಲ ಹೇಳಿದೆ. ಅತ್ತೆಯ ಕಣ್ಣಿನ ಪೊರೆ, ಮುಡಿಪು, ಜ್ವರ ತಿರುಗಿ ಬರುತ್ತದೆ ಎಂದು ಡಾಕ್ಟರು ಹೇಳಿದ್ದು, ಕಡ್ಡಿ ಹಿಡಿದು ನಿಂತದ್ದು. ಹೇಳುತ್ತಾ ಹೇಳುತ್ತಾ ನನಗೆ ಸಿಟ್ಟೂ ಬಂತು. ಗಂಡನ ಜೀವ ಒಂದು ಕಡೆ, ನಾಣ್ಯ ಒಂದು ಕಡೆ ಇದ್ದಾಗ ಯಾರಾದರೂ ಏನು ಮಾಡುತ್ತಾರೆ ಎಂದು ದನಿ ಏರಿಸಿಯೇ ಕೇಳಿದೆ. ಅವರು ಕೊನೆಯವರೆಗೂ ಕೇಳಿದರು.

"ಮುಡಿಪು ಬಿಚ್ಚಬೇಕಿತ್ತು ಅಂತ ನಾನು ಹೇಳ್ತಾ ಇಲ್ಲ ತಂಗಿ. ನಿಜ ಹೇಳಿದ್ರೆ ಬೈತಿದ್ದೆ, ಜಗಳನೂ ಆಡ್ತಿದ್ದೆನೇನೋ. ಆದ್ರೆ ನೆಲ ಹುಡುಕ್ತಿರ್ಲಿಲ್ಲ. ಮೂರು ಸಲ ಹುಡುಕಿದೆ. ಟಾರ್ಚ್ ಹಿಡ್ಕೊಂಡಿದ್ದು ನೀನು."

ಭಟ್ಟರಿಗೆ ಹೇಳಿ ಇವತ್ತೇ ವಾಪಸ್ಸು ತರಿಸುತ್ತೇನೆ ಎಂದೆ. ಬೇಡ ಎಂದರು. ಜೋಡಿ ಸಿಕ್ಕಿತು ಎಂದು ಅವರು ಮಗುವಿನ ಹಾಗೆ ಖುಷಿಯಲ್ಲಿದ್ದಾರೆ, ಯಾಕೆ ಕೆಡಿಸುವುದು. ಅದರ ಮೇಲೆ ಅಪ್ಪನ ಕೈಯ ಕಪ್ಪು ಇತ್ತು, ತೊಳೆದ ಮೇಲೆ ಅದು ಬರೀ ನಾಣ್ಯ ಎಂದರು. ಫೋನ್ ಜೇಬಿಗೆ ಹಾಕಿಕೊಂಡು ಎದ್ದು ಹೋದರು. ಆ ವಾರವೇ ಗುಂಪಿನಿಂದ ಹೊರಗೆ ಹೋದರು. ಡಬ್ಬಿ ಆಗ ಅವರ ಹತ್ತಿರವೇ ಇತ್ತು. ಅದರಲ್ಲಿದ್ದ ನನ್ನ ಎರಡು ನಾಣ್ಯ, ಭಟ್ಟರ ಒಂದು ನಾಣ್ಯ ಬೇರೆ ಬೇರೆ ಲಕೋಟೆಯಲ್ಲಿ ಬಸ್ಸಿನಲ್ಲಿ ಬಂದವು. ಡಬ್ಬಿ ಬರಲಿಲ್ಲ.

ಭಟ್ಟರು ಈಗಲೂ ಫೋನ್ ಮಾಡುತ್ತಾರೆ. ಮೇಷ್ಟ್ರಿಗೆ ಏನಾಗಿದೆ ಅಕ್ಕಾ, ಜೋಡಿ ಇಟ್ಟು ಒಂದು ಫೋಟೋ ತೆಗೆಯೋಣ ಅಂದರೆ ಇವತ್ತು ನಾಳೆ ಅನ್ನುತ್ತಾರೆ, ನನಗೂ ಸಿಕ್ಕಿತು ಅಂತ ಹೊಟ್ಟೆಕಿಚ್ಚಾ ಎಂದು ಕೇಳುತ್ತಾರೆ. ಇರಬಹುದು ಭಟ್ರೇ ಎನ್ನುತ್ತೇನೆ. ಆ ಒಳ್ಳೆಯ ಮನುಷ್ಯನ ಮೇಲೆ ಹೊಟ್ಟೆಕಿಚ್ಚಿನ ಅಪವಾದವನ್ನೂ ನಾನೇ ಹೊರಿಸಿದ್ದಾಯಿತು. ಗಂಡನಿಗೆ ಎಲ್ಲ ಹೇಳಿದಾಗ ಅವರು ನಕ್ಕು, ಒಂದು ತೂತಿನ ಬಿಲ್ಲೆಗೆ ಇಷ್ಟೆಲ್ಲ ರಂಪವಾ ಎಂದರು. ಆ ಬಿಲ್ಲೆಯಿಂದಲೇ ನೀವು ಉಳಿದದ್ದು ಎಂದು ನಿಮ್ಮಮ್ಮ ಬೀದಿಗೆಲ್ಲ ಹೇಳಿಕೊಂಡು ಬರುತ್ತಿದ್ದಾರೆ, ಅವರನ್ನು ಕೇಳಿ ಎಂದೆ. ಎರಡು ದಿನ ಗಂಡನ ಜೊತೆ ಮಾತಾಡಲಿಲ್ಲ. ಉಳಿದುಕೊಂಡಿದ್ದಾರಲ್ಲ, ಮಾತು ಬಿಡಬಹುದು.

ಕಳೆದ ತಿಂಗಳು ಐರ್ಲೆಂಡಿನ ಅದೇ ಹುಡುಗಿ ಊರಿಗೆ ಬಂದಿದ್ದಳು. ಐಸ್‌ಲ್ಯಾಂಡ್ ನೋಡಲು ಹೋಗಿದ್ದಳಂತೆ, ಅಲ್ಲಿಂದ ನನಗೆಂದೇ ಒಂದು ನಾಣ್ಯ ತಂದಿದ್ದಳು. ಒಂದು ಬದಿಗೆ ಏಡಿ, ನಮ್ಮ ಗದ್ದೆಯ ಏಡಿಯದೇ ತದ್ರೂಪು. ಇನ್ನೊಂದು ಬದಿಗೆ ಗೂಳಿ, ಹದ್ದು, ಘಟಸರ್ಪ, ರಾಕ್ಷಸ, ನಾಲ್ವರೂ ಸೇರಿ ಆ ದೇಶ ಕಾಯುವವರಂತೆ. ಅಷ್ಟು ಸಣ್ಣ ಜಾಗದಲ್ಲಿ ನಾಲ್ಕನ್ನು ಹೇಗೆ ಕೆತ್ತಿದ್ದಾರೆ ಎಂದರೆ, ನೋಡಬೇಕಾದವರು ಒಬ್ಬರೇ ಎನಿಸಿತು. ಗುಂಪಿಗೆ ಫೋಟೋ ಹಾಕಲಿಲ್ಲ. ಅಂಗಡಿ ಮುಚ್ಚಿ ನರಸಿಂಹರಾಜಪುರದ ಬಸ್ ಹತ್ತಿದೆ.

ಮೇಷ್ಟ್ರು ಮನೆಯಲ್ಲಿದ್ದರು. ಬಾ ತಂಗಿ ಎಂದೇ ಕರೆದರು, ಕುರ್ಚಿ ಎಳೆದು ಕೊಟ್ಟರು. ಗಂಡನ ಆರೋಗ್ಯ ಕೇಳಿದರು, ಅತ್ತೆಯ ಕಣ್ಣಿನ ಆಪರೇಷನ್ ಆಯಿತಾ ಎಂದು ಕೇಳಿದರು. ಅವರ ಹೆಂಡತಿ ಮಜ್ಜಿಗೆ ತಂದರು. ನನಗೆ ಎದೆ ಹಗುರಾಯಿತು. ಕರವಸ್ತ್ರ ಬಿಚ್ಚಿ, ಏಡಿ ಮೇಲಾಗುವ ಹಾಗೆ, ನಾಣ್ಯವನ್ನು ಟೀಪಾಯಿಯ ಮೇಲಿಟ್ಟೆ. ಹಿಂಬದಿಯ ನಾಲ್ವರನ್ನು ಅವರೇ ತಿರುಗಿಸಿ ನೋಡಲಿ ಎಂದು.

ಅವರು ಬಗ್ಗಿ ನೋಡಿದರು. ಚೆನ್ನಾಗಿದೆ, ಯಾವ ದೇಶದ್ದು ಎಂದರು. ಹೇಳಿದೆ. ಹೌದಾ ಎಂದರು. ಎರಡು ಕೈಯೂ ಮಂಡಿಯ ಮೇಲೇ ಇದ್ದವು. ನಾನು ಕಾದೆ. ಅವರ ಹೆಂಡತಿಗೆ ಪಾಪ ಏನೂ ತಿಳಿಯದು, ಎತ್ತಿ ನೋಡಿ, ಆ ಕಡೆ ಏನು ಚಿತ್ರ ಇದೆಯೋ ಎಂದರು.

"ಬೇಡ. ಅವಳದ್ದು ಅವಳ ಹತ್ರನೇ ಇರ್ಲಿ," ಎಂದರು ಮೇಷ್ಟ್ರು.

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನೂ ನಾಲ್ಕು ಮಾತಾಡುತ್ತಿದ್ದೆ, ಅಳುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ಮನೆಗೆ ಬಂದ ಯಾರಿಗೆ ಬೇಕಾದರೂ ಕೊಡುವ ಮರ್ಯಾದೆಯನ್ನು ನನಗೂ ಕೊಟ್ಟರು, ಅದಕ್ಕಿಂತ ಒಂದು ಚೂರೂ ಹೆಚ್ಚಿಲ್ಲ. ನಾಣ್ಯವನ್ನು ಎತ್ತಿ ಕರವಸ್ತ್ರದಲ್ಲಿ ಕಟ್ಟಿ ಬ್ಯಾಗಿಗೆ ಹಾಕಿಕೊಂಡೆ. ಮಜ್ಜಿಗೆ ಇನ್ನೂ ಅರ್ಧ ಉಳಿದಿತ್ತು. ಬಿಟ್ಟರೆ ಅವರ ಹೆಂಡತಿ ಬೇಜಾರು ಮಾಡಿಕೊಳ್ಳುತ್ತಾರೆ ಎಂದು ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, ಬರುತ್ತೇನೆ ಎಂದು ಎದ್ದೆ.